ತವರಿನ ನೀರು

ಹೂವಿನ ಹಿಪ್ಪರಗಿ ದಾಟಿದ ಮೇಲೆ ಕಾರಿನ ಮುಂದಿನ ಪರದೆಯಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತು. ಗಾಡಿ ಓಡಿಸುತ್ತಿದ್ದ ರಾಜಶ್ರೀ ಅದನ್ನು ನೋಡಿ ವೇಗ ತಗ್ಗಿಸಿದಳು. ಪಕ್ಕದ ಸೀಟಿನಲ್ಲಿ ತಾಯಿ ರುಕ್ಮವ್ವ ಕಣ್ಣು ಮುಚ್ಚಿಕೊಂಡು ಕೂತಿದ್ದಳು.

ತಂಗಡಗಿಯಲ್ಲಿ ರುಕ್ಮವ್ವನ ಅಕ್ಕ ಇಂದ್ರಾಬಾಯಿ ಹಾಸಿಗೆ ಹಿಡಿದಿದ್ದಳು. ಅವಳ ಮಗಳು ಭಾಗ್ಯಾ ಬೆಳಿಗ್ಗೆ ಸಿಂದಗಿಯ ಇವರ ಮನೆಗೆ ಫೋನ್ ಮಾಡಿ, "ಚಿಗವ್ವಾ, ಅವ್ವ ನಿನ್ನಿಯಿಂದ ನನ್ನ ಗುರ್ತ ಹಿಡೀವಲ್ಲಳು. ನಿಮ್ಮ ಹೆಸರೊಂದ ಹೇಳಾಕತ್ತಾಳ. ಅದೂ ಮರೆಯೂದ್ರೊಳಗ ಬರ್ರಿ" ಎಂದು ಅತ್ತಿದ್ದಳು. ರುಕ್ಮವ್ವನಿಗೋ ಡೀಸೆಲ್ ವಾಸನೆ ಬಡಿದರೆ ಸಾಕು, ತಲೆ ತಿರುಗಿ ವಾಂತಿ. ಹೋದ ಸಲ ಬಸ್ಸಿನಲ್ಲೇ ಎಚ್ಚರ ತಪ್ಪಿದ್ದಳು. ವಾಸನೆಯಿಲ್ಲದ ಈ ಕರೆಂಟ್ ಗಾಡಿಯೊಂದೇ ಅವಳಿಗೆ ಒಗ್ಗಿತ್ತು. ಗಾಡಿ ಹಳೆಯದು. ಸೋಲಾಪುರದ ಡಾಕ್ಟರೊಬ್ಬರು ವರ್ಷಗಟ್ಟಲೆ ಓಡಿಸಿ ಮಾರಿದ್ದು.

ದಾರಿಯಲ್ಲೇ ಬಾಗೇವಾಡಿಯ ಅಂಚಿಗೆ ರುಕ್ಮವ್ವನ ತಮ್ಮ ಬಸವಂತರಾಯನ ಮನೆ. ಅಲ್ಲಿ ನಿಲ್ಲಿಸಿ ರಾಜಶ್ರೀ ಬಾನೆಟ್ ಎತ್ತಿದಳು. ಬ್ಯಾಟರಿಯನ್ನು ತಂಪಾಗಿಡುವ ಗುಲಾಬಿ ಬಣ್ಣದ ಕೂಲಂಟ್, ಡಬ್ಬಿಯ ಕೆಳಗಿನ ಗೆರೆಗಿಂತಲೂ ಇಳಿದಿತ್ತು. ಬಿಸಿಯಿರುವಾಗ ಮುಚ್ಚಳ ತೆಗೆಯಬಾರದು. ತುಸು ಆರಿದ ಮೇಲೆ ಡಿಕ್ಕಿಯಲ್ಲಿದ್ದ ಕ್ಯಾನಿನಿಂದ ಹಾಕಿದರಾಯಿತು ಎಂದುಕೊಂಡಳು.

"ಕೂಲಂಟ್ ಕಡಿಮಿ ಆಗೇತಿ, ಮಾಮಾ. ಆರಲಿ, ಹಾಕ್ತೇನಿ."

"ನೀ ಒಳಗ ನಡಿಯವ್ವಾ. ಅಕ್ಕನ ಮಾರಿ ನೋಡು, ಸುಣ್ಣ ಆಗೇತಿ."

ಒಳಗೆ ಕರೆಂಟ್ ಇರಲಿಲ್ಲ. ಬಸವಂತರಾಯನ ಸೊಸೆ ಐಶ್ವರ್ಯ ಕೇಳದೆಯೇ ಮೊರ ತಂದು ರುಕ್ಮವ್ವನಿಗೆ ಗಾಳಿ ಹಾಕುತ್ತ ನಿಂತಳು. ಚಹಾ ಕುಡಿಯುವಷ್ಟರಲ್ಲಿ ಭಾಗ್ಯಾಳ ಫೋನ್ ಮತ್ತೆ ಬಂತು. "ಈಗ ಹೆಸರೂ ಹೇಳವಲ್ಲಳು. ಬಾಗಲಾ ನೋಡಕೋತ ಮಲಗ್ಯಾಳ." ರಾಜಶ್ರೀ ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಹೊರಗೆ ಓಡಿದಳು.

ಬಾನೆಟ್ಟಿನ ಪಕ್ಕದಲ್ಲಿ ಬಸವಂತರಾಯ ತಾಮ್ರದ ತಂಬಿಗೆ ಹಿಡಿದು ಸಂತೋಷದಿಂದ ನಿಂತಿದ್ದ. ಡಬ್ಬಿ ತುಂಬಿತ್ತು. ಗುಲಾಬಿ ಬಣ್ಣ ತೆಳ್ಳಗಾಗಿ, ತೊಳೆದ ಸೀರೆಯ ನೀರಿನಂತೆ ಕಾಣುತ್ತಿತ್ತು.

"ಮಾಮಾ, ಏನ್ ಹಾಕಿದ್ರಿ?"

"ನೀರು. ಮತ್ತೇನ್ ಹಾಲು ಹಾಕ್ಲ್ಯಾ? ನಮ್ಮ ಮನಿಗೆ ಬಂದ ಬೀಗರ ಎತ್ತಿಗೆ ಮೊದಲ ನೀರು ಕುಡಿಸಿ ಆಮ್ಯಾಲ ಮಂದಿಗೆ ಕೊಡ್ತಿದ್ರು ನಮ್ಮಪ್ಪ. ಬಾಳ ದಣದಿತ್ತು ನೋಡು ಪಾಪ, ಗಟಗಟಾ ಕುಡೀತು."

ಅದು ಅಂಗಳದ ಬೋರಿನ ಸವಳು ನೀರು. ಕೊಡದ ಬಾಯಿಗೆಲ್ಲ ಬೆಳ್ಳಗೆ ಉಪ್ಪು ಕಟ್ಟಿತ್ತು. ರಾಜಶ್ರೀ ವಿಜಯಪುರದ ಮೆಕ್ಯಾನಿಕ್ ಸರ್ಫರಾಜನಿಗೆ ಫೋನ್ ಹಚ್ಚಿದಳು.

"ಅಯ್ಯ ಅಕ್ಕಾರ!" ಎಂದ ಅವನು. "ಆ ನೀರು ಬ್ಯಾಟರಿ ಕಡೆ ಹೋಗಬಾರ್ದ್ರಿ. ಒಳಗ ಎಲ್ಲರೆ ಜರಾ ಸೋರಿದ್ರ ಕರೆಂಟ್ ಹಿಡೀತೈತಿ, ಗಾಡಿ ನಡು ದಾರ್ಯಾಗ ಬಂದ್ ಬೀಳ್ತೈತಿ. ಚಾಲೂ ಮಾಡೀರೇನು?"

"ಇಲ್ಲ. ಕೀಲಿ ನನ್ನ ಕಡೇನ ಐತಿ."

"ಹಂಗಾದ್ರ ನೀರು ಇನ್ನೂ ಮ್ಯಾಲಿನ ಡಬ್ಬ್ಯಾಗ ಐತಿ. ಒಳಗಿನ ಪಂಪು ತಿರುಗೂತನಕ ಕೆಳಗ ಇಳಿಯಂಗಿಲ್ಲ. ಎಲ್ಲಾ ಜಗ್ಗಿ ತಗದು ನಿಮ್ಮ ಕ್ಯಾನಿಂದ ತುಂಬ್ರಿ. ಹಾಂ, ಅಲ್ಲೀತನ ಚಾರ್ಜಿಗೂ ಹಚ್ಚಬ್ಯಾಡ್ರಿ. ಚಾರ್ಜಿಗೆ ಹಚ್ಚಿದ್ರೂ ಪಂಪು ತಿರುಗ್ತೈತಿ."

ರಾಜಶ್ರೀ ತಿರುಗಿ ನೋಡಿದಳು. ಡಿಕ್ಕಿಯಲ್ಲಿದ್ದ ಕಿತ್ತಳೆ ಬಣ್ಣದ ಚಾರ್ಜಿಂಗ್ ಕೇಬಲ್ಲು ಈಗ ಗಾಡಿಯ ಬಾಯಿಯಿಂದ ಅಂಗಳದುದ್ದಕ್ಕೂ ಹರಿದು ದನದ ಕೊಟ್ಟಿಗೆಯೊಳಗೆ ಹೋಗಿತ್ತು.

"ಮಾಮಾ, ಇದನ್ನ ಯಾವಾಗ ಹಚ್ಚಿದ್ರಿ?"

"ನೀರು ಕುಡಿಸಿದ ಕೂಡಲೆ. ನೀರಾದ ಮ್ಯಾಲ ಮೇವು ಬ್ಯಾಡೇನು?"

ಉತ್ತರಕ್ಕೆ ಕಾಯದೆ ಅವಳು ಕೊಟ್ಟಿಗೆಗೆ ಓಡಿದಳು. ಸೆಗಣಿಯಲ್ಲಿ ಕಾಲು ಜಾರಿತು. ಮೇವಿನ ಗೋದಲಿ ಹಿಡಿದು ಸಾವರಿಸಿಕೊಂಡು ಪ್ಲಗ್ಗು ಕಿತ್ತಳು. ಮಾಮಾ ಹಿಂದೆಯೇ ಬಂದು ನಿಂತ. ಅವನ ಮುಖದ ಸಂತೋಷ ಇಳಿದುಹೋಗಿತ್ತು.

"ಕರೆಂಟ ಇಲ್ಲಲ್ಲ ರಾಜೀ. ನೀವು ಬರೂಕಿಂತ ಮೊದಲ ಹೋಗೇತಿ. ಬಂದ ಕೂಡಲೆ ತುಂಬಲಿ ಅಂತ ಹಚ್ಚಿಟ್ಟಿದ್ದೆ, ಅಷ್ಟ."

ಹಾಗಾದರೆ ಪಂಪು ತಿರುಗಿಲ್ಲ ಎಂದುಕೊಂಡಳು ರಾಜಶ್ರೀ. "ಆ ನೀರು ಪೂರಾ ಹೊರಗ ತಗೀಬೇಕು, ಮಾಮಾ," ಎಂದಳು. ಬಸವಂತರಾಯ ಎಮ್ಮೆಗೆ ಔಷಧ ಕುಡಿಸುವ ದೊಡ್ಡ ಸಿರಿಂಜನ್ನು ಹೊಸದೇ ತಂದು, ತುದಿಗೆ ಸಣ್ಣ ನಳಿಗೆ ಸಿಕ್ಕಿಸಿ, ಡಬ್ಬಿಯೊಳಗೆ ಇಳಿಬಿಟ್ಟು ನೀರು ಜಗ್ಗತೊಡಗಿದ. ನಡುವೆ ಕೊಟ್ಟಿಗೆಯ ಬಲ್ಬು ಫಕ್ಕನೆ ಹತ್ತಿಕೊಂಡಿತು. ಇಬ್ಬರೂ ಅದನ್ನೊಮ್ಮೆ, ಕಿತ್ತ ಪ್ಲಗ್ಗನ್ನೊಮ್ಮೆ ನೋಡಿದರು.

ಡಬ್ಬಿ ಬರಿದಾದ ಮೇಲೆ ರಾಜಶ್ರೀ ಕ್ಯಾನಿನ ಕೂಲಂಟನ್ನು ಎರಡು ಗೆರೆಗಳ ನಡುವೆ ನಿಲ್ಲುವಂತೆ ಸುರಿದಳು. ಗಾಡಿ ಚಾಲೂ ಮಾಡುವ ಗುಂಡಿ ಒತ್ತಿದಳು. ಹಳದಿ ದೀಪ ಹತ್ತಿತು, ಹಾಗೇ ಉಳಿಯಿತು. ಆಮೇಲೆ ಅದು ಆರಿತು.

"ಸಾವಕಾಶ ಹೋಗ್ರಿ," ಎಂದ ಸರ್ಫರಾಜ, ಅವಳು ಮತ್ತೆ ಫೋನ್ ಹಚ್ಚಿದಾಗ. "ನಳಿಗ್ಯಾಗ ಜರಾ ಉಳದಿದ್ರೂ ಉಳದೀತು. ದೀಪ ಮತ್ತ ಹತ್ತಿದ್ರ ಅಲ್ಲೇ ನಿಂದರ್ರಿ. ನಾಳೆ ನನ್ನ ಕಡೆ ತರ್ರಿ, ಪೂರಾ ತಗದು ಹೊಸದು ಹಾಕ್ತೇನಿ."

ಬಸವಂತರಾಯ ದೂರದ ಕಟ್ಟೆಗೆ ಹೋಗಿ ಕೂತಿದ್ದ. "ನೀವು ಹೋಗಿ ಬರ್ರಿ. ನಾ ಕೈ ಹಚ್ಚಿದ್ದ ತಪ್ಪಾತು."

ರುಕ್ಮವ್ವ ಗೋಡೆ ಹಿಡಿದು ಹೊರಗೆ ಬಂದಳು. ತಮ್ಮನನ್ನು ಒಮ್ಮೆ, ಗಾಡಿಯನ್ನು ಒಮ್ಮೆ ನೋಡಿದಳು. ಹಿಂದಿನ ಸೀಟಿನಲ್ಲಿ ಕೂತರೆ ಅವಳಿಗೆ ಹೊಟ್ಟೆ ತೊಳಸುತ್ತದೆ ಎಂಬುದು ಮನೆಯವರಿಗೆಲ್ಲ ಗೊತ್ತು. ಅವಳು ಹಿಂದಿನ ಬಾಗಿಲನ್ನೇ ತೆಗೆದು ಹತ್ತಿ ಕೂತಳು.

"ಬಸೂ, ಮುಂದ ಬಂದು ಕುಂಡ್ರು. ರಾಜಿ ದಾರಿ ನೋಡ್ಲೋ, ದೀಪ ನೋಡ್ಲೋ? ದೀಪ ನೀ ನೋಡಕೋತ ನಡಿ."

ಅವನು ತಲೆಗೆ ಸುತ್ತಿದ ಪಟಗಾ ಸರಿಮಾಡಿಕೊಂಡು ಬಂದು ಕೂತ. ದಾರಿಯುದ್ದಕ್ಕೂ ಪರದೆಯಿಂದ ಕಣ್ಣು ಕೀಳಲಿಲ್ಲ. ಸೇತುವೆ ಬಂದರೆ "ಇಲ್ಲ, ಹತ್ತಿಲ್ಲ", ಏರು ಬಂದರೆ "ಹತ್ತಿಲ್ಲವ್ವಾ". ಮುದ್ದೇಬಿಹಾಳದ ಹತ್ತಿರ ಬಿಸಿಲಿನ ಹೊಳಪು ಪರದೆಗೆ ಬಡಿದು ಅವನು "ಹೋ!" ಎಂದಾಗ ರಾಜಶ್ರೀ ಬ್ರೇಕ್ ಒತ್ತಿದಳು. ದೀಪವಲ್ಲ. ಹಿಂದೆ ರುಕ್ಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಒಮ್ಮೆಯೂ ನಿಲ್ಲಿಸು ಎನ್ನಲಿಲ್ಲ.

ತಂಗಡಗಿಯಲ್ಲಿ ಭಾಗ್ಯಾ ಅಂಗಳಕ್ಕೇ ಓಡಿ ಬಂದಳು. ಮೂವರೂ ಒಳಗೆ ಹೋದರು. ಇಂದ್ರಾಬಾಯಿ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ಕಣ್ಣು ತೆರೆದಿತ್ತು, ನೋಟ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಬಸವಂತರಾಯನ ಮೇಲೆ ಹಾದು ಹೋಯಿತು. ಅವನು ಬದಿಗೆ ಸರಿದ. ರುಕ್ಮವ್ವ ಮಂಚದ ಅಂಚಿಗೆ ಕೂತು ಅಕ್ಕನ ಹಣೆಯ ಕೂದಲು ಹಿಂದಕ್ಕೆ ಸರಿಸಿದಳು. ಹಾಗೇ ಸರಿಸುತ್ತಲೇ ಇದ್ದಳು.

ಆಮೇಲೆ ಇಂದ್ರಾಬಾಯಿಯ ತುಟಿ ಅಲುಗಿತು.

"ರುಕ್ಕೀ... ಎಷ್ಟ ತಡಾ ಮಾಡ್ದಿ."

"ಏನ್ ಮಾಡ್ಲಿ ಅಕ್ಕಾ. ದಾರ್ಯಾಗ ತಮ್ಮನ ಮನಿ. ಉಪಚಾರ ಮಾಡ್ಕೋತ ಕುಂತ."

"ಬಸ್ಯಾ?" ಎಂದಳು ಇಂದ್ರಾಬಾಯಿ. ನೆನಪನ್ನು ಎಲ್ಲಿಂದಲೋ ಎಳೆದು ತಂದಂತೆ ಹಣೆ ಗಂಟಿಕ್ಕಿತು. "ಆಂವ ಮನಿಗೆ ಬಂದವ್ರನ್ನ ಯಾರ್ನ ಲಗೂನ ಕಳಸ್ಯಾನ ಹೇಳು."

ಬದಿಗೆ ನಿಂತಿದ್ದ ಬಸವಂತರಾಯ ಪಟಗಾದ ತುದಿಯನ್ನು ಕಣ್ಣಿಗೆ ಒತ್ತಿಕೊಂಡು, ನಗುತ್ತ, ಅಕ್ಕನ ಕಾಲ ಹತ್ತಿರ ಹೋಗಿ ಕೂತ.