ಅನಧಿಕೃತ ಪ್ರಕಟಣೆ

ಆ ಬಸ್ ನಿಲ್ದಾಣದಲ್ಲಿ ಅವಳ ದನಿ ಕೇಳದವರಿಲ್ಲ, ಮುಖ ಕಂಡವರು ಕಡಿಮೆ. ಹದಿಮೂರು ವರ್ಷದಿಂದ ಪರದೆ ಎಳೆದ ಗಾಜಿನ ಕೋಣೆಯಲ್ಲಿ ಕೂತು ‘ಪ್ರಯಾಣಿಕರ ಗಮನಕ್ಕೆ’ ಎನ್ನುತ್ತಿದ್ದ ಆ ದನಿ, ಬಸ್ಸು ಕೆಟ್ಟರೂ ಸೇತುವೆ ಮುರಿದರೂ ಒಂದೇ ಹದದಲ್ಲಿರುತ್ತಿತ್ತು. ಏರುದನಿಯೆಲ್ಲ ಗಂಡನ ಪಾಲಿಗೆ ಹೋಗಿ, ಏರಿಳಿತವಿಲ್ಲದ್ದು ಇವಳ ಪಾಲಿಗೆ ಬಂದಿತ್ತು. ಇವತ್ತು ನ್ಯಾಯಾಲಯದಲ್ಲಿ ಅದೇ ಕೈಕೊಟ್ಟಿತು.

“ನಿನ್ನೆ ಬೆಳಗ್ಗೆ ಹನ್ನೊಂದು ನಲವತ್ತಕ್ಕೆ ನಮ್ಮನೆಯವರು ನಾನು ಕೆಲಸ ಮಾಡೋ ಕೋಣೆಗೆ ಬಂದು ಕತ್ತು ಹಿಡಿದ್ರು.”

ಏಳನೇ ಪ್ಲಾಟ್‌ಫಾರ್ಮಿಗೆ ಬಸ್ಸು ಬಂದಿದೆ ಎಂದಂತೆಯೇ ಕೇಳಿಸಿತು. ಅವಳಿಗೂ ಹಾಗೇ ಕೇಳಿಸಿತು.

ನ್ಯಾಯಾಧೀಶರು ಕನ್ನಡಕ ತೆಗೆದರು. “ನೋಡಮ್ಮ, ಆ ಕಡೆಯವರನ್ನ ಕೇಳದೆ ಇವತ್ತೇ ಆದೇಶ ಕೊಡ್ಬೇಕು ಅಂದ್ರೆ ಅಷ್ಟು ಅಪಾಯ ಇದೆ ಅಂತ ನನಗೆ ಕಾಣಿಸ್ಬೇಕು. ನೋಡಿದವರು ಯಾರಾದ್ರೂ ಇದ್ದಾರಾ?”

ಯಾರೂ ಇರಲಿಲ್ಲ. ನಿನ್ನೆಯ ರಾತ್ರಿಯನ್ನು ನಿಲ್ದಾಣದ ಲಗೇಜು ಕೋಣೆಯಲ್ಲಿ ಕೆಲಸ ಮಾಡುವವಳ ಮನೆಯಲ್ಲಿ ಕಳೆದದ್ದಾಗಿತ್ತು. ಇವತ್ತು ಮನೆಗೆ ಹೋಗಲೇಬೇಕು. ಸೊಂಟ ಮುರಿದುಕೊಂಡ ಅತ್ತೆಯನ್ನು ಎತ್ತಿ ಕೂರಿಸುವವರು ಬೇರೆ ಇಲ್ಲ. ಗಂಡ ಕಾರ್ಖಾನೆಯ ಪಾಳಿ ಮುಗಿಸಿ ಆರೂವರೆಗೆ ಬರುತ್ತಾನೆ. ಆಗಲೇ ಮೂರು ದಾಟಿತ್ತು.

ಚಿಕ್ಕ ವಯಸ್ಸಿನ ವಕೀಲೆ ಕಿವಿಯ ಹತ್ತಿರ ಬಗ್ಗಿದಳು. “ಅಕ್ಕ, ಬೇರೇನಾದ್ರೂ ಇದ್ಯಾ? ಫೋಟೋ, ಚೀಟಿ?”

“ಏನೂ ಇಲ್ಲ ಕಣಮ್ಮ. ಗಾಯದ ಮೇಲೆ ಬರೆ ಅಂತ ಒಂದು ಮೆಮೋ ಇದೆ ಅಷ್ಟೇ.”

“ಗಂಡ ಮೆಮೋ ಕೊಟ್ರಾ?”

“ಅಯ್ಯೋ, ನಮ್ಮ ನಿಲ್ದಾಣದ ಕಂಟ್ರೋಲರು.” ಇಂಥ ಹೊತ್ತಿನಲ್ಲೂ ಕಂಟ್ರೋಲರ ಮೂಗುದನಿ ಅವಳ ಮೂಗಿನೊಳಗೆ ಬಂದು ಕೂತುಬಿಟ್ಟಿತು. “‘ಏನ್ರೀ ಇದು, ನಿಲ್ದಾಣಾನೋ, ನಾಟಕದ ಕಂಪನಿಯೋ?’ ಅಂದ್ರು. ಮೈಕಿನ ಗುಂಡಿ ಆರಿಸೋದು ಮರೆತಿದ್ದೆ.”

ವಕೀಲೆ ನಗಲು ಹೋದವಳು ಅರ್ಧಕ್ಕೇ ನಿಂತಳು. “ಆ ಮೆಮೋ ಕೊಡಿ. ಮೊದಲು ಕೊಡಿ!”

ನಾಲ್ಕು ಮಡಿಕೆಯ ಕಾಗದ ಚೀಲದಿಂದ ಹೊರಬಂದು ಮೇಜು ಹತ್ತಿತು. ನ್ಯಾಯಾಧೀಶರು ಗಟ್ಟಿಯಾಗಿ ಓದಿದರು:

“‘೧೧.೪೦ಕ್ಕೆ ತಾವು ಮೈಕನ್ನು ಆರಿಸದೇ ಇದ್ದುದರಿಂದ, ಇಲಾಖೆಗೆ ಸಂಬಂಧಪಡದ ಪುರುಷ ಧ್ವನಿಯೊಂದು ಎಲ್ಲ ಪ್ಲಾಟ್‌ಫಾರ್ಮುಗಳಲ್ಲಿ ಈ ಕೆಳಕಂಡಂತೆ ಪ್ರಸಾರವಾಗಿರುತ್ತದೆ: ಮನೆಗೆ ಬಂದು ನೋಡು, ನಿನ್ನ ಉಸಿರು ನಿಲ್ಲಿಸ್ತೀನಿ. ತದನಂತರ ಏಟಿನ ಶಬ್ದ ಒಂದು. ಮಹಿಳೆಯ ಕೆಮ್ಮು, ಸುಮಾರು ಹನ್ನೆರಡು ಸೆಕೆಂಡು. ಸದರಿ ಪ್ರಕಟಣೆಗೆ ಪೂರ್ವಾನುಮತಿ ಇರುವುದಿಲ್ಲ. ಮೂರು ದಿನಗಳೊಳಗೆ ವಿವರಣೆ ನೀಡತಕ್ಕದ್ದು.’”

ಕೆಳಗೆ ಸಹಿ, ಮೊಹರು, ಕ್ರಮಾಂಕ. ಕಂಟ್ರೋಲರು ಅಲ್ಪವಿರಾಮವನ್ನೂ ಬಿಟ್ಟವರಲ್ಲ.

ನ್ಯಾಯಾಧೀಶರು ಕಾಗದ ಕೆಳಗಿಟ್ಟು ಅವಳ ಕಡೆ ತಿರುಗಿದರು.

“ಇಡೀ ನಿಲ್ದಾಣಕ್ಕೆ ಕೇಳಿಸಿದ್ದನ್ನ ನನ್ನ ಮುಂದೆ ಯಾಕಮ್ಮ ಇಷ್ಟು ತಣ್ಣಗೆ ಹೇಳಿದ್ರಿ?”

“ಅಭ್ಯಾಸ, ಸರ್. ದನಿಯಲ್ಲಿ ಗಾಬರಿ ಕಂಡ್ರೆ ಜನ ದಿಕ್ಕಾಪಾಲಾಗಿ ಓಡ್ತಾರೆ.”

ಅವರು ಪೆನ್ನು ಎತ್ತಿಕೊಂಡರು. ಮುಂದಿನ ವಿಚಾರಣೆಯವರೆಗೆ ಗಂಡ ಆ ಮನೆಗೂ ಬರಕೂಡದು, ನಿಲ್ದಾಣದ ಆ ಕೋಣೆಗೂ ಬರಕೂಡದು. ಆದೇಶದ ಪ್ರತಿ ಕೂಡಲೇ ಪೊಲೀಸ್ ಠಾಣೆಗೆ ಹೋಗಬೇಕು.

ಆರೂವರೆಗೆ ಮಹಿಳಾ ಪೇದೆಯೊಬ್ಬಳು ಮನೆಯ ಮೆಟ್ಟಿಲ ಮೇಲೆ ನಿಂತು ಆದೇಶ ಓದಿದಳು. ಗಂಡ ಕೇಳಿಸಿಕೊಂಡ, ಕಾಗದದ ಮೇಲೆ ಸಹಿ ಗೀಚಿದ, ಪೇದೆಯ ಭುಜದ ಮೇಲಿಂದ ಮುಚ್ಚಿದ ಬಾಗಿಲಿನತ್ತ ನೋಡಿದ. ಒಳಗೆ ಹೆಂಡತಿ ಅತ್ತೆಯ ತೋಳು ಹಿಡಿದು ನಿಂತಿದ್ದಳು. ಬೇಡವೆಂದರೂ ಕೇಳದೆ ಅತ್ತೆ ಅವಳ ಮೇಲೆ ಭಾರ ಹಾಕಿ ಎದ್ದು ಬಂದಿದ್ದರು. ಅವರ ಕೈ ಚಿಲಕದ ಮೇಲಿತ್ತು. ಆ ಕೈ ಯಾವ ಕಡೆಗೆ ತಿರುಗುವುದೋ ಅವಳಿಗೆ ತಿಳಿಯಲಿಲ್ಲ.

“ಅಮ್ಮಾ, ಬಾಗಿಲು ತೆಗಿ!”

“ಓದಿದ್ದು ನನಗೂ ಕೇಳಿಸ್ತು ಕಣೋ. ನಿಮ್ಮಕ್ಕನ ಮನೆಗೆ ಹೋಗು.”

“ಅಮ್ಮಾ, ನಾನು ಕಣೇ!”

“ನೀನು ಅಂತ ಗೊತ್ತು. ಅದಕ್ಕೇ ತೆಗೀತಿಲ್ಲ.”

ಗಂಡನ ಹೆಜ್ಜೆಗಳು ಒಂದೊಂದಾಗಿ ಮೆಟ್ಟಿಲಿಳಿದವು, ಅವುಗಳ ಹಿಂದೆಯೇ ಪೇದೆಯ ಬೂಟು. ಅತ್ತೆ ಚಿಲಕ ಬಿಟ್ಟು ಸೊಸೆಯ ಭುಜಕ್ಕೆ ಒರಗಿದರು.

“ಅಳೋದಿದ್ರೆ ಜೋರಾಗೇ ಅಳೇ,” ಎಂದರು. “ಇಲ್ಲಿ ಯಾರೂ ಓಡಿಹೋಗಲ್ಲ.”