ರದ್ದಿಯ ಮೇಲೆ ಕೂತವರು

"ಕುರ್ಚಿ ಸಾಲ್ತಿಲ್ಲ, ಇದರ ಮೇಲೆ ಕೂತ್ಕೊಳ್ಳಿ ಅಜ್ಜಿ," ಎನ್ನುತ್ತ ಅವಳು ಸೋದರತ್ತೆಯ ಕೋಣೆಯಿಂದ ಇನ್ನೊಂದು ಕಾಗದದ ಕಟ್ಟನ್ನು ನಡುಮನೆಗೆ ಎಳೆದು ತಂದಳು. ಅತ್ತೆಯ ಮೃತದೇಹದ ಪಕ್ಕ ಕೂತಿದ್ದ ದೊಡ್ಡಪ್ಪ ಹುಬ್ಬು ಗಂಟಿಕ್ಕಿದರು.

"ಅದನ್ಯಾಕೆ ಹೊರಗೆ ತರ್ತೀಯ? ಗುಜರಿಯವನಿಗೆ ಹೇಳಾಗಿದೆ. ಅವಳ ಹಿಂದೇನೇ ಅದೂ ಹೋಗ್ಲಿ."

"ಅಲ್ಲೀವರೆಗೆ ಜನ ನಿಂತೇ ಇರಬೇಕಾ, ದೊಡ್ಡಪ್ಪ?"

ಅವಳ ಕಣ್ಣು ಬಾಗಿಲ ಮೇಲೇ ಇತ್ತು. ಪಕ್ಕದ ಮನೆಯ ಅಜ್ಜಿ ಕೂತು, ಕಟ್ಟನ್ನು ಒತ್ತಿ ನೋಡಿದರು.

"ನನ್ನ ಹಾಸಿಗೆಗಿಂತ ಗಟ್ಟಿ. ಏನಮ್ಮ ಇದು?"

"ಸಿನಿಮಾ ವ್ಯಾಪಾರದ ಹಳೇ ವಾರಪತ್ರಿಕೆ. ನೀವು ಕೂತಿರೋದು ಮೂಕಿಚಿತ್ರದ ಕಾಲದ್ದರ ಮೇಲೆ."

"ಸದ್ಯ! ನನ್ನ ಭಾರ ಎಷ್ಟೂಂತ ಬಾಯ್ಬಿಡಲ್ಲ."

ಯಾರೋ ನಕ್ಕು, ತಕ್ಷಣ ಕೆಮ್ಮಿದರು.

*

ಅತ್ತೆ ಚಿತ್ರಮಂದಿರದ ಟಿಕೆಟ್ ಕಿಂಡಿಯಲ್ಲಿ ಆಯುಷ್ಯ ಸವೆಸಿದವರು. ಯಾವ ಚಿತ್ರ ಎಲ್ಲಿ ಎಷ್ಟು ವಾರ ಓಡಿತು, ಯಾವುದು ಮಕಾಡೆ ಮಲಗಿತು ಎಂದು ಮಾಲೀಕರಿಗೆ ತಿಳಿಸುವ ಪತ್ರಿಕೆ, ವಾರ ಕಳೆದರೆ ಕಸದ ಬುಟ್ಟಿಗೆ ಬೀಳುತ್ತಿತ್ತು. ಅತ್ತೆ ಮೊದಲು ಹೆಕ್ಕಿದ್ದು ಅಲ್ಲಿಂದ. ಆಮೇಲೆ ತಾವು ಹುಟ್ಟುವ ಮುಂಚಿನ ಸಂಚಿಕೆಗಳಿಗಾಗಿ ಗುಜರಿ ಅಂಗಡಿಗಳನ್ನು, ಮುಚ್ಚಿದ ಮುದ್ರಣಾಲಯಗಳನ್ನು ಜಾಲಾಡಿದರು. ರಜೆ ಬಂದರೆ ಇವಳೂ ಬಾಲದಂತೆ ಜೊತೆಗೆ.

"ತಾರೆಯರ ಫೋಟೋ ಇರೋದನ್ನ ಎಲ್ರೂ ಎತ್ತಿಡ್ತಾರೆ ಕಣೇ," ಒಂದು ದಿನ ಅತ್ತೆ ಹಾಳೆಯ ಧೂಳನ್ನು ತೋಳಿಗೆ ಒರೆಸುತ್ತ ಹೇಳಿದ್ದರು. "ಇದನ್ನ ಯಾರು ಇಡ್ತಾರೆ? ಈ ಚಿತ್ರದ ರೀಲೆಲ್ಲ ಸುಟ್ಟುಹೋಯ್ತು. ಈ ಜಾಹೀರಾತೂ ಹೋದ್ರೆ, ಅದು ಹುಟ್ಟೇ ಇರಲಿಲ್ಲ ಅಂತಾರೆ."

ಅಂಥ ಚಿತ್ರಗಳ ಚರಿತ್ರೆಯನ್ನೇ ಇವಳೀಗ ಬರೆಯುತ್ತಿದ್ದಳು. ಅರ್ಧವಾಗಿತ್ತು. ಉಳಿದರ್ಧ ಈ ಕಟ್ಟುಗಳೊಳಗಿತ್ತು.

*

ಗುಜರಿಯವನು ಗೋಣಿಚೀಲ ಹಿಡಿದು ಬಾಗಿಲಿಗೆ ಬಂದ. ಅದೇ ಹೊತ್ತಿಗೆ ಚಟ್ಟ ಹೊರುವವರೂ ಬಂದರು. ಅತ್ತೆಯನ್ನು ಎತ್ತುತ್ತಿದ್ದಂತೆ ಎಲ್ಲರೂ ಎದ್ದು ನಿಂತರು. ಕಟ್ಟುಗಳ ಮೇಲೆ ಯಾರೂ ಉಳಿಯಲಿಲ್ಲ. ದೊಡ್ಡಪ್ಪ ಗುಜರಿಯವನಿಗೆ ಕಣ್ಸನ್ನೆ ಮಾಡಿದರು.

ಅವಳು ಒಂದು ಕಟ್ಟಿನ ಮೇಲೆ ಕೂತುಬಿಟ್ಟಳು.

"ಏಳೇ! ಅತ್ತೆ ಹೋಗ್ತಿದ್ದಾಳೆ, ಮರ್ಯಾದೆ ಬೇಡ್ವಾ?"

"ನಾನು ಎದ್ರೆ ಇನ್ನೊಂದ್ಸಲ ಹೋಗ್ತಾರೆ." ಅವಳು ಕಟ್ಟಿನ ಹುರಿಯನ್ನು ಬಿಗಿಯಾಗಿ ಹಿಡಿದಳು. "ಏಳಲ್ಲ."

ಚಿತ್ರಮಂದಿರದ ಹಳೆಯ ಗೇಟ್‌ಕೀಪರ್ ಅವಳನ್ನೂ ಚೀಲವನ್ನೂ ನೋಡಿದ. ಮೆಲ್ಲನೆ ತಾನು ಕೂತಿದ್ದ ಕಟ್ಟಿನ ಮೇಲೇ ಮತ್ತೆ ಕುಳಿತ.

"ನಮ್ಮಲ್ಲಿ ಆಟ ಮುಗಿಯೋ ಮುಂಚೆ ಎದ್ದವರಿಗೆ ಬೈತಿದ್ರು ಸಾರ್, ನಿಮ್ಮ ತಂಗಿ."

"ನನ್ನ ಮಂಡಿಗೂ ಅದೇ ಬೇಕಿತ್ತು," ಎಂದು ಅಜ್ಜಿಯೂ ಕೂತರು. ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದವರು.

ದೊಡ್ಡಪ್ಪ ಒಬ್ಬರೇ ನಿಂತಿದ್ದರು. ಬೆನ್ನು ನೆಟ್ಟಗೆ ಮಾಡಿ ಕೂತ ಸಾಲಿನ ಮುಂದೆ ಅತ್ತೆ ಹಾದುಹೋದರು. ಗುಜರಿಯವನು ಖಾಲಿ ಚೀಲವನ್ನು ಎದೆಗವಚಿಕೊಂಡು, ಗೋಡೆಗೊತ್ತಿ ನಿಂತು, ಅವರಿಗೆ ದಾರಿ ಬಿಟ್ಟ.