ಕಾವೇರಿ ಆರಿಸಿದ ಕಟ್ಟಿಗೆ

"ಏನ್ ಬಡೀತಿ ಅದನ್ನ? ಒಳಗ ಯಾರರ ಅದಾರೇನು, ಕದಾ ತಗ್ಯಾಕ?" ಎಂದ ಗುರುಸಿದ್ದ.

ಕಾವೇರಿ ಗಂಡನತ್ತ ತಿರುಗದೆ ಮತ್ತೊಮ್ಮೆ ಬಡಿದಳು. ರಬಕವಿಯ ತವರುಮನೆಯಲ್ಲಿ ಅಪ್ಪ ಪರಸಪ್ಪನ ಹಳೇ ಕೈಮಗ್ಗ ಬಿಚ್ಚಿ ಅಂಗಳಕ್ಕೆ ಹಾಕಿದ್ದರು. ಅದರ ಹಿಂದಿನ ಕಂಬವೊಂದರ ತುದಿ ಎತ್ತಿ ಹಿಡಿದು, ಬೆರಳ ಗೆಣ್ಣಿನಿಂದ ತಟ್ಟುತ್ತ, ಕಿವಿ ಹಚ್ಚಿ ನಿಂತಿದ್ದಳು ಆಕೆ. ಧೂಳು ಮೆತ್ತಿದ ಒರಟು ಕಂಬ. ಗುರುಸಿದ್ದನ ಕಣ್ಣು ಸೀರೆ ಸುತ್ತುವ ದಿಂಡಿನ ಮೇಲಿತ್ತು. ಎರಡು ತಲೆಮಾರಿನ ಕೈ ಸವರಿ, ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿದ್ದ ಸಾಗವಾನಿ ಅದು.

"ದಿಂಡು ನಂದು" ಎಂದು ಬಾಚಿಕೊಂಡ.

"ತಗೋರಿ. ನನಗ ಇದಽ ಬೇಕಾಗಿತ್ತು."

ಆ ಮಾತಿಗೇ ಅವನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಜಗಳಾಡಿದ್ದರೂ ಚೆನ್ನಾಗಿರುತ್ತಿತ್ತು.

ಬನಹಟ್ಟಿಯಲ್ಲಿ ಪವರ್‌ಲೂಮ್ ರಿಪೇರಿ ಮಾಡುವ ಗುರುಸಿದ್ದ ಮನೆಯಲ್ಲೇ ಬೇಸ್ ಗಿಟಾರ್ ಮಾಡಲು ಶುರುಮಾಡಿದ್ದು ಹುಚ್ಚಿಗೆ. ಹೆಂಡತಿಗೆ ಉಳಿ ಹಿಡಿಯಲು ಕಲಿಸಿದವನೂ ಅವನೇ. ಕಲಿಸಿದ ಪುಣ್ಯಾತ್ಮನಿಗೆ ಮುಂದಿನದು ಹೇಗೆ ಗೊತ್ತಾಗಬೇಕು? ಈಗ ಮಹಾಲಿಂಗಪುರದಿಂದ ಫೋನ್ ಮಾಡುವವರು, "ಅಕ್ಕಾರು ಮಾಡಿದ್ದು ಐತೇನ್ರಿ?" ಎಂದು ಕೇಳುತ್ತಿದ್ದರು. ಅಕ್ಕಾರಂತೆ! ತಂತಿಗಳ ಎಳೆತಕ್ಕೆ ಕುತ್ತಿಗೆ ಬಾಗದಂತೆ ಒಳಗೆ ಉಕ್ಕಿನ ಸರಳು ಕೂರಿಸಿ ಬಿಗಿಯುವ ಕೆಲಸವೊಂದೇ ಆಕೆಯ ಗಿಟಾರಿನಲ್ಲಿ ಅವನ ಪಾಲಿಗೆ ಉಳಿದಿತ್ತು. ಕಬ್ಬಿಣದ ಕೆಲಸಕ್ಕೆ ಆಕೆ ಕೈ ಹಾಕುತ್ತಿರಲಿಲ್ಲ.

ಸಾಲದ್ದಕ್ಕೆ ಜಮಖಂಡಿಯ ಆರ್ಕೆಸ್ಟ್ರಾದ ಅಣ್ಣಾಸಾಹೇಬ, "ಇಬ್ಬರೂ ಒಂದೊಂದು ಮಾಡ್ರಿ, ಛಲೋ ಇದ್ದದ್ದು ಒಯ್ತೀನಿ" ಅಂದುಬಿಟ್ಟಿದ್ದ. ಅವನು ನಗುತ್ತ ಅಂದಿದ್ದ. ಗುರುಸಿದ್ದನಿಗೆ ನಗು ಬಂದಿರಲಿಲ್ಲ.

ದಿಂಡು ಕೈಕೊಟ್ಟಿತು. ಎಣ್ಣೆ ಕುಡಿದ ಕಟ್ಟಿಗೆ ಅಂಟು ಹಿಡಿಯಲಿಲ್ಲ. ಬೆರಳೊತ್ತುವ ಹಲಗೆ ಮೇಲೆದ್ದು ಬಂತು. ಮತ್ತೆ ಕೆರೆದು, ಮತ್ತೆ ಅಂಟಿಸಿ, ಹೇಗೋ ಮುಗಿಸಿದ. ಸ್ಪೀಕರಿಗೆ ಹಚ್ಚಿ ಮೀಟಿದರೆ ಜೋಳದ ಚೀಲಕ್ಕೆ ಗುದ್ದಿದ ಸದ್ದು. ಆ ಒರಟು ಕಂಬದಿಂದ ಮಾಡಿದ ಕಾವೇರಿಯ ಗಿಟಾರು ಹಾಗಲ್ಲ. ದಪ್ಪ ತಂತಿ ಮುಟ್ಟಿದರೆ ಸಾಕು, ಸದ್ದು ಅಂಗಾಲಿನಿಂದ ಏರಿ ಎದೆಯಲ್ಲಿ ನಿಲ್ಲುತ್ತಿತ್ತು. ಅಯ್ಯ ಶಿವನೇ, ಎಂಥ ಸದ್ದು! ಭೇಷ್ ಅನ್ನಬೇಕೆನಿಸಿತು, ಮೈಯೂ ಉರಿಯಿತು. ಉರಿಯೇ ಗೆದ್ದಿತು.

ಅಣ್ಣಾಸಾಹೇಬನ ಬೈಕು ಓಣಿಗೆ ಬಂದಾಗ ಕಾವೇರಿ ಚಹಾಕ್ಕಿಡಲು ಒಳಗೆ ಹೋದಳು. ಗುರುಸಿದ್ದ ಆಕೆಯ ಗಿಟಾರು ಎತ್ತಿಕೊಂಡು, ಸರಳಿನ ತಿರುಪನ್ನು ಒಂದು ಸುತ್ತು ಹೆಚ್ಚಿಗೆ ಬಿಗಿದ. ಕುತ್ತಿಗೆ ಕೂದಲೆಳೆಯಷ್ಟು ಹಿಂದಕ್ಕೆ ಬಾಗಿತು. ತಂತಿಗಳು ಬೆರಳೊತ್ತುವ ಹಲಗೆಯ ಹಿತ್ತಾಳೆ ಕಡ್ಡಿಗಳಿಗೆ ತಾಗಲು ಅಷ್ಟು ಸಾಕು.

"ಇದ್ಯಾಕ್ರಿ ಅಕ್ಕಾರ, ಗರಗರ ಅನ್ನಾಕತ್ತೈತಿ?" ಎಂದ ಅಣ್ಣಾಸಾಹೇಬ, ನಾಲ್ಕು ಸಲ ಮೀಟಿ.

ಕಾವೇರಿ ಚಹಾ ಕೆಳಗಿಟ್ಟು ಬಂದಳು. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಕುತ್ತಿಗೆಯುದ್ದಕ್ಕೂ ನೋಡಿದಳು. ಮುಖ ಸಪ್ಪಗಾಯಿತು.

"ಬಾಗೇತಿ. ಮುಂಜಾನಿ ನೆಟ್ಟಗಿತ್ತು." ಗಂಡನತ್ತ ತಿರುಗಿದಳು. "ಸರಳಿಂದೇನರ ತಪ್ಪಾಗೇತೇನ್ರಿ?"

ಆಗಲಾದರೂ ಹೇಳಬಹುದಿತ್ತು, ಮನುಷ್ಯ.

"ಸರಳು ಸರಿ ಐತಿ. ಕಟ್ಟಿಗೀನಽ ಬರೋಬರಿ ಇಲ್ಲ. ನಾ ಅವತ್ತಽ ಅಂದಿದ್ದೆ."

ಅವನು ಅಂದಿರಲಿಲ್ಲ. ಆದರೂ ಆಕೆ ತಲೆಯಾಡಿಸಿದಳು.

"ಇರಲಿ ಬಿಡ್ರಿ. ಲಗ್ನದ ಸೀಜನ್ ಐತಿ, ಸದ್ಯಕ್ಕ ಇದನ್ನಽ ಒಯ್ತೀನಿ" ಎಂದು ಅಣ್ಣಾಸಾಹೇಬ ದಿಂಡಿನ ಗಿಟಾರು ಹೆಗಲಿಗೇರಿಸಿದ. ಅವನ ದನಿಯಲ್ಲಿ ಹುರುಪಿರಲಿಲ್ಲ.

ಗುರುಸಿದ್ದ ಗೆದ್ದಿದ್ದ. ಚಹಾ ಅರ್ಧಕ್ಕೇ ಕೆಳಗಿಟ್ಟ. ಕಾವೇರಿ ತನ್ನ ಗಿಟಾರಿನ ತಂತಿಗಳನ್ನು ಬಿಚ್ಚಿ ಸುತ್ತಿಟ್ಟಳು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಅತ್ತಿದ್ದರೆ ಅವನು ಬಾಯಿಬಿಡುತ್ತಿದ್ದನೋ ಏನೋ. ತವರಿನಿಂದ ತಂದ ಉಳಿದ ತುಂಡುಗಳನ್ನೆಲ್ಲ ಎಳೆದು ತಂದು ಅವನ ಮುಂದೆ ಹಾಕಿದಳು.

"ಇನ್ನ ಮ್ಯಾಲ ನೀವಽ ಆರಿಸಿ ಕೊಡ್ರಿ. ನನ್ನ ಕಿವಿ ಮ್ಯಾಲ ನನಗ ನಂಬಿಕಿ ಹೋತು."

"ಹಂಗಲ್ಲ, ಕಾವೇರಿ..."

"ಯಾವುದು? ಬೊಟ್ಟು ಮಾಡ್ರಿ, ಸಾಕು."

ಗುರುಸಿದ್ದನ ಕೈ ತಾನಾಗಿ ಮುಂದೆ ಹೋಗಿ ಯಾವುದೋ ಒಂದನ್ನು ತೋರಿಸಿತು. ಆಕೆ ಅದನ್ನು ಒಮ್ಮೆಯೂ ತಟ್ಟಿ ನೋಡಲಿಲ್ಲ. ಕಾಲಿನಿಂದ ಒತ್ತಿ ಹಿಡಿದು ಗರಗಸ ಹಚ್ಚಿದಳು.